ಎರಡು ಗಂಟೆಯ ಊಟ

ಹೋದ ವಾರ ಬೀಳಗಿ ಕಡೆಯ ಅಂಗನವಾಡಿ ಗೆಳತಿಯೊಬ್ಬಳು ಫೋನ್ ಮಾಡಿ, "ನಿಮ್ಮ ನರ್ಸಬಾಯಾರು ತೀರಿಕೊಂಡ್ರಂತರೀ, ಗೊತ್ತಾತಿಲ್ಲೋ?" ಎಂದಳು. ಆಗ ನಾನು ಮಕ್ಕಳಿಗೆ ಉಪ್ಪಿಟ್ಟು ಬಡಿಸುತ್ತಿದ್ದೆ. ಸೌಟು ಕೈಯಲ್ಲೇ ಇತ್ತು. ಅಳು ಬರಲಿಲ್ಲ. ಗೋಡೆಯ ಗಡಿಯಾರ ನೋಡಿದೆ, ಹನ್ನೊಂದೂವರೆ. ಅವರ ಹೊತ್ತು ಇನ್ನೂ ಆಗಿಲ್ಲವಲ್ಲ ಎಂದು ಏನೋ ಒಂದು ಹುಚ್ಚು ಮಾತು ತಲೆಗೆ ಬಂತು. ಅವರ ಹೊತ್ತು ಎಂದರೆ ಮಧ್ಯಾಹ್ನದ ಎರಡು ಗಂಟೆ.

ಅವರ ಹೆಸರು ಬರೆಯುವುದಿಲ್ಲ. ಆ ಹೆಸರು ಒಮ್ಮೆ ನಮ್ಮ ಮನೆಯ ಅಂಗಳದಲ್ಲೇ ಕೆಟ್ಟಿತು, ಕೆಡಿಸಿದವರಲ್ಲಿ ನಾನೂ ಒಬ್ಬಳು. ಈಗ ನಾಲ್ಕು ಒಳ್ಳೆಯ ಮಾತು ಬರೆದು ಅದನ್ನು ತೊಳೆಯುತ್ತೇನೆ ಎಂದು ಹೊರಟರೆ ಅದು ಇನ್ನೊಂದು ಸುಳ್ಳಾದೀತು. ಊರಲ್ಲಿ ಎಲ್ಲರೂ ಅವರನ್ನು ಬಾಯಾರು ಎನ್ನುತ್ತಿದ್ದರು. ನಾನೂ ಹಾಗೇ ಅನ್ನುತ್ತೇನೆ.

ನಮ್ಮೂರು ರಬಕವಿಗೆ ಹತ್ತಿರ. ಅರ್ಧ ಊರು ನೇಕಾರರದು, ಉಳಿದರ್ಧ ಕಬ್ಬಿನದು. ಬಾಯಾರು ಮುಧೋಳ ಕಡೆಯವರು, ಮನೆಮಾತು ಮರಾಠಿ. ನಮ್ಮೊಂದಿಗೆ ಕನ್ನಡದಲ್ಲೇ ಬೈಯುತ್ತಿದ್ದರು, ಕನ್ನಡದಲ್ಲೇ ನಗುತ್ತಿದ್ದರು, ಎಣಿಸುವುದು ಮಾತ್ರ ಮರಾಠಿಯಲ್ಲಿ. ಗಂಡ ಹೋಗಿ ಬಹಳ ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಉಪಕೇಂದ್ರದ ಒಂದು ಕೋಣೆಯಲ್ಲಿ ಆಸ್ಪತ್ರೆ, ಅದರ ಹಿಂದಿನ ಒಂದು ಕೋಣೆಯಲ್ಲಿ ಸಂಸಾರ. ಕುಳ್ಳಗೆ, ಗಟ್ಟಿಮುಟ್ಟಾಗಿದ್ದರು. ಬಿಸಿಲಿರಲಿ ಮಳೆಯಿರಲಿ ಒಂದು ಕರಿಯ ಛತ್ರಿ, ಹೆಗಲಿಗೆ ಒಂದು ಚೀಲ. ಬಲಗೈ ಹೆಬ್ಬೆರಳಿಗೆ ಯಾವಾಗಲೂ ಡೆಟಾಲಿನ ವಾಸನೆ.

ಆ ಹೆಬ್ಬೆರಳೇ ಅವರ ಮುಖ್ಯ ಸಾಮಾನು. ಎದುರು ಸಿಕ್ಕ ಹೆಂಗಸಿನ ಕಣ್ಣಿನ ಕೆಳರೆಪ್ಪೆಯನ್ನು ಕೇಳದೆ ಹೇಳದೆ ಕೆಳಗೆ ಎಳೆದು, ಒಳಗಿನ ಬಣ್ಣ ನೋಡಿ ರಕ್ತ ಎಷ್ಟಿದೆ ಎಂದು ಹೇಳಿಬಿಡುತ್ತಿದ್ದರು. ಬಸ್ ಸ್ಟ್ಯಾಂಡಿನಲ್ಲಿ ಒಮ್ಮೆ ಬಾಳೆಹಣ್ಣು ಮಾರುವವಳ ಕಣ್ಣು ಎಳೆದು, "ಎಷ್ಟನೇ ತಿಂಗಳ?" ಎಂದರು. ಆಕೆ ಇನ್ನೂ ಗಂಡನಿಗೂ ಹೇಳಿರಲಿಲ್ಲವಂತೆ. ಬಾಳೆಹಣ್ಣಿನ ಬುಟ್ಟಿ ಬಿಟ್ಟು ಎದ್ದು ನಿಂತುಬಿಟ್ಟಳು. "ಮಾರೂದಿರಲಿ, ದಿನಾ ಒಂದ ನೀನೂ ತಿನ್ನಬೇ" ಎಂದು ಹೇಳಿ ಬಸ್ ಹತ್ತಿದರು. ನಾನು ಜೊತೆಗೇ ಇದ್ದೆ, ನಾಚಿಕೆಯಿಂದ ಸೆರಗು ಬಾಯಿಗೆ ಒತ್ತಿಕೊಂಡಿದ್ದೆ.

ನಮ್ಮಂಥ ಕೂಡುಮನೆಗಳಲ್ಲಿ ಊಟಕ್ಕೊಂದು ಸಾಲು ಇರುತ್ತದೆ. ಮೊದಲು ಗಂಡಸರು, ಆಮೇಲೆ ಮಕ್ಕಳು, ಆಮೇಲೆ ಅತ್ತೆ, ಎಲ್ಲರಿಗಿಂತ ಹಿಂದೆ ಸೊಸೆಯರು. ಸೊಸೆಯರಲ್ಲಿಯೂ ಹೊಸಬಳು ಕೊನೆಯವಳು. ಬುಟ್ಟಿಯ ತಳದ ರೊಟ್ಟಿ, ಪಾತ್ರೆಯ ತಳದ ಬ್ಯಾಳಿ ಅವಳ ಪಾಲು. ಬಸುರಿಯಾದರೆ ಇನ್ನೂ ಕಡಿಮೆ. ಹೆಚ್ಚು ಉಂಡರೆ ಕೂಸು ದೊಡ್ಡದಾಗುತ್ತದೆ, ಹೆರುವುದು ಕಷ್ಟ ಎಂದು ನಮ್ಮ ಅತ್ತೆಗೆ ಅವರ ಅತ್ತೆ ಹೇಳಿದ್ದರು. ಇದನ್ನು ಯಾರೂ ಕೆಟ್ಟತನ ಎಂದುಕೊಂಡಿರಲಿಲ್ಲ. ನಾನೂ ಅಂದುಕೊಂಡಿರಲಿಲ್ಲ. ನೀರು ತರುವುದು, ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವುದು, ಹಾಗೆಯೇ ಹಸಿದಿರುವುದು. ಸೊಸೆಯ ಕೆಲಸಗಳಲ್ಲಿ ಅದೂ ಒಂದು ಎಂದು ತಿಳಿದಿದ್ದೆ.

ಬಾಯಾರಿಗಿಂತ ಮೊದಲು ಇದ್ದ ನರ್ಸು ಬೆಳಿಗ್ಗೆ ಹತ್ತಕ್ಕೆ ಬಂದು, ಕಟ್ಟೆಯ ಮೇಲೆ ಕೂತು, "ಸೊಪ್ಪು ತಿನ್ರಿ, ಹಾಲು ಕುಡೀರಿ" ಎಂದು ಹೇಳಿ ಹೋಗುತ್ತಿದ್ದರು. ಹೌದ್ರಿ ಅನ್ನುತ್ತಿದ್ದೆವು. ಬಾಯಾರು ಬರುತ್ತಿದ್ದದ್ದು ಎರಡು ಗಂಟೆಗೆ, ಗಂಡಸರು ಉಂಡು ಮಗ್ಗಕ್ಕೆ ಹೋದ ಮೇಲೆ. ಬಂದವರೇ ಸೀದಾ ಅಡುಗೆಮನೆಗೆ ನುಗ್ಗಿ ಗೋಡೆಗೆ ಒರಗಿ ಕೂತುಬಿಡುತ್ತಿದ್ದರು.

"ಅವ್ವಾರ, ಹಸಿವಿಲೆ ಜೀವ ಹೋಗಾಕತ್ತೈತಿ. ಒಂದ ರೊಟ್ಟಿ ಇದ್ರ ಕೊಡ್ರಿ."

ಹಸಿದು ಬಂದವರಿಗೆ ಇಲ್ಲ ಎನ್ನುವ ಮನೆಯೇ ನಮ್ಮದು? ಅತ್ತೆ ತಾಟು ಇಡುತ್ತಿದ್ದರು. ತಾಟು ಬಂದ ಮೇಲೆ ಬಾಯಾರು ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದರು.

"ನಾ ಒಬ್ಬಾಕಿನ ಉಣ್ಣಾಕಿ ಅಲ್ಲರಿ. ನನಗ ಗಂಟಲದಾಗ ಇಳಿಯಂಗಿಲ್ಲ. ನಿಮ್ಮ ಬಸರಿ ಸೊಸಿನ್ನ ಬಾಜೂಕ ಕೂಡಸ್ರಿ."

ಬಂದವರನ್ನು ಒಬ್ಬರೇ ಉಣ್ಣಲು ಬಿಟ್ಟರು ಎಂಬ ಮಾತು ಅತ್ತೆಗೆ ಬೇಡವಾಗಿತ್ತು. ಬಾಯಾರು ಹಿಡಿದದ್ದು ಆ ಎಳೆಯನ್ನೇ. ನನ್ನನ್ನು ಕರೆದು ಕೂರಿಸುತ್ತಿದ್ದರು. ಆಮೇಲೆ ನೋಡಬೇಕು, ಬಾಯಾರು ಒಂದೇ ರೊಟ್ಟಿಯನ್ನು ಮುಕ್ಕಾಲು ತಾಸು ಉಣ್ಣುತ್ತಿದ್ದರು. ಚೂರು ಮುರಿಯುವುದು, ಮಾತಾಡುವುದು, ಮತ್ತೆ ಚೂರು ಮುರಿಯುವುದು. ಅವರ ಊಟ ಮುಗಿಯುವ ತನಕ ನಾನು ಏಳುವಂತಿಲ್ಲ. ತಾಟು ಖಾಲಿಯಿಟ್ಟುಕೊಂಡು ಕೂರುವಂತೆಯೂ ಇಲ್ಲ. ಅತ್ತೆಯೇ ಇನ್ನೊಂದು ರೊಟ್ಟಿ ಹಾಕಬೇಕಾಗುತ್ತಿತ್ತು. ಬಾಯಾರು ಬಾಯೊಳಗೇ "ಏಕ… ದೋನ…" ಎಂದು ಎಣಿಸುತ್ತಿದ್ದರು. ತಮ್ಮ ಡಬ್ಬಿಯಲ್ಲಿ ಶೇಂಗಾಹಿಂಡಿಯನ್ನೋ ಬೇಯಿಸಿದ ಹೆಸರುಕಾಳನ್ನೋ ತಂದಿರುತ್ತಿದ್ದರು. "ನನಗ ಬ್ಯಾಡಾತು, ಚೆಲ್ಲಬಾರದು" ಎಂದು ನನ್ನ ತಾಟಿಗೆ ಸುರಿಯುತ್ತಿದ್ದರು. ಆ ಮನೆಗೆ ಸೊಸೆಯಾಗಿ ಬಂದು ನಾಲ್ಕು ವರ್ಷವಾದ ಮೇಲೆ, ಎರಡನೆಯ ಬಸುರಿನಲ್ಲಿ, ಮೊದಲ ಬಾರಿಗೆ ನಾನು ಹೊಟ್ಟೆತುಂಬ ಉಂಡದ್ದು ಅವರ ಮಗ್ಗುಲಲ್ಲಿ. ಆ ದಿನ ಕೈತೊಳೆಯಲು ಹಿತ್ತಲಿಗೆ ಹೋಗಿ ಅತ್ತಿದ್ದೆ. ಯಾಕೆಂದು ಆಗ ತಿಳಿದಿರಲಿಲ್ಲ.

ಹೀಗೆ ದಿನಕ್ಕೆ ಮೂರು ಮನೆ, ಒಮ್ಮೊಮ್ಮೆ ನಾಲ್ಕು. ಸಂಜೆಗೆ ಹೊಟ್ಟೆ ಉಬ್ಬಿ, ಓಮಕಾಳು ಜಗಿಯುತ್ತ ಕಟ್ಟೆಯ ಮೇಲೆ ಅಡ್ಡಾಗಿರುತ್ತಿದ್ದರು. "ಸರಕಾರ ನನಗ ಪಗಾರ ಕೊಡೂದು ಉಣ್ಣಾಕ ನೋಡ ತಂಗಿ" ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಆ ಮಾತನ್ನು ನಮ್ಮ ಅತ್ತೆಯೂ ಕೇಳಿಸಿಕೊಂಡಿದ್ದರು.

ಅತ್ತೆಯ ಬಗ್ಗೆ ನಾನು ಒಮ್ಮೆ ಅವರ ಮುಂದೆ ದೂರಿಕೊಂಡೆ. ಬಾಯಾರು ಸಿಟ್ಟಾದರು. "ನಿಮ್ಮತ್ತಿ ಕೆಟ್ಟಾಕಿ ಅಲ್ಲಬೇ. ಹಸದಾಕಿ. ಮೂರ ಕೂಸ ಮಣ್ಣಾಗ ಇಟ್ಟಾಳ. ಆಕಿ ಕಣ್ಣ ನೋಡೀಯೇನ? ನಿನ್ನಕಿಂತ ಬೆಳ್ಳಗದಾವು." ಅಂದಿನಿಂದ ಅತ್ತೆಗೂ ಗುಳಿಗೆ ತಂದುಕೊಡಲು ಶುರು ಮಾಡಿದರು. ಅತ್ತೆ ಅವನ್ನು ದೇವರ ಜಗುಲಿಯ ಕೆಳಗೆ ಇಟ್ಟುಬಿಟ್ಟಿದ್ದರು, ಹಾಗೇ ಇದ್ದವು.

ನನ್ನ ಮೈದುನನ ಹೆಂಡತಿ ಕಸ್ತೂರಿ ನಮ್ಮ ಮನೆಗೆ ಬಂದದ್ದು ಆ ದಿನಗಳಲ್ಲೇ. ಬೀಳಗಿ ಕಡೆಯ ಹುಡುಗಿ. ಅವಳ ತವರೂರು ಆಲಮಟ್ಟಿಯ ಹಿನ್ನೀರಿನಲ್ಲಿ ಹೋಗಿತ್ತು. ತಂದೆತಾಯಿ ಪುನರ್ವಸತಿ ಕೇಂದ್ರದಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿದ್ದರು. ಹೊಲ ಹೋಗಿತ್ತು, ಎಮ್ಮೆಗಳನ್ನು ಮಾರಿದ್ದರು. ಹದಿನೆಂಟು ತುಂಬಿತ್ತೋ ಇಲ್ಲವೋ. ಸಣ್ಣ ಮುಖ, ದೊಡ್ಡ ನಗು. ಕಂಡಿಕೆ ಸುತ್ತುವುದರಲ್ಲಿ ಎರಡೇ ವಾರದಲ್ಲಿ ನನ್ನನ್ನು ಮೀರಿಸಿದಳು. ನನಗೆ ಸ್ವಂತ ತಂಗಿಯರಿಲ್ಲ. ಅವಳು ಅಕ್ಕಾ ಎಂದು ಕರೆದರೆ ಕೈಯ ಕೆಲಸ ಬಿಟ್ಟು ಓಡುತ್ತಿದ್ದೆ.

ಬಸುರಿಗೆ ಐದು ತಿಂಗಳಾದಾಗ ಅವಳಿಗೆ ರಕ್ತ ಕಡಿಮೆ ಎಂಬುದನ್ನು ಬಾಯಾರು ಕಂಡುಹಿಡಿದದ್ದು ಕಣ್ಣಿನಿಂದಲ್ಲ, ಗೋಡೆಯಿಂದ. ಪಡಸಾಲೆಯಲ್ಲಿ ಮಾವನ ಕಾಲದ ಕುಣಿಮಗ್ಗ ಇತ್ತು. ವಿದ್ಯುತ್ ಮಗ್ಗ ಬಂದ ಮೇಲೆ ಅದನ್ನು ಬಿಟ್ಟಿದ್ದರು, ಕಾಲಿಡುವ ಕುಣಿಗೆ ಹಲಗೆ ಮುಚ್ಚಿದ್ದರು. ಅದರ ಹಿಂದಿನ ಮಣ್ಣಿನ ಗೋಡೆಯಲ್ಲಿ ಬೆರಳು ಹೋಗುವಷ್ಟು ಒಂದು ತಗ್ಗು. ಬಾಯಾರು ಛತ್ರಿ ಒರಗಿಸಲು ಹೋದವರು ಅಲ್ಲೇ ನಿಂತರು. ತಗ್ಗಿನಲ್ಲಿ ಬೆರಳಿಟ್ಟು ನೋಡಿದರು.

"ಗ್ವಾಡಿ ಯಾರ ತಿನ್ನಾಕತ್ತೀರಿ?"

ಕಸ್ತೂರಿ ತಲೆ ತಗ್ಗಿಸಿದಳು. ಬಾಯಾರು ಅವಳ ರೆಪ್ಪೆ ಎಳೆದು ನೋಡಿದರು, ಉಗುರು ಒತ್ತಿ ನೋಡಿದರು. ಅವರ ಮುಖದಲ್ಲಿ ನಗು ಇಲ್ಲದ್ದನ್ನು ನಾನು ಕಂಡದ್ದು ಅಂದೇ. ಮಣ್ಣು ತಿನ್ನಬೇಕೆನಿಸುವುದು ಮೈಯಲ್ಲಿ ರಕ್ತ ಇಲ್ಲದ್ದರ ಗುರುತು ಎಂದು ಅವರೇ ಹೇಳಿದರು. ಮಾರನೆಯ ದಿನ ತಾವೇ ಕರೆದುಕೊಂಡು ಹೋಗಿ ದವಾಖಾನೆಯಲ್ಲಿ ರಕ್ತ ತಪಾಸಣೆ ಮಾಡಿಸಿದರು. ಏಳು ಇತ್ತು. ಹನ್ನೊಂದಾದರೂ ಇರಬೇಕಂತೆ.

"ನಾಕ ತಿಂಗಳ ಟೈಮ್ ಐತಿ. ಗುಳಿಗಿ ತಿಂದ್ರ ಏರತೈತಿ" ಎಂದು ಒಂದು ಹಾಳೆ ಕಬ್ಬಿಣದ ಗುಳಿಗೆ ಕೊಟ್ಟರು. ಒಂದು ಹಾಳೆಗೆ ಮೂವತ್ತು. ತಿಂಗಳಾದ ಮೇಲೆ ಖಾಲಿ ಹಾಳೆ ತೋರಿಸಿದರೆ ಹೊಸದು. ಅದು ಅವರ ಕಟ್ಟಳೆ. ಹಾಳೆಯನ್ನು ನನ್ನ ಕೈಗಿಟ್ಟು, "ನೀ ಶಾಣ್ಯಾಕಿ. ಆಕಿದು ನಿನ್ನ ಜವಾಬ್ದಾರಿ" ಎಂದರು.

ನಾಲ್ಕು ದಿನ ಕಸ್ತೂರಿ ನುಂಗಿದಳು. ವಾಂತಿ ಮಾಡಿಕೊಂಡಳು. ಐದನೆಯ ದಿನ ಬೆಳಿಗ್ಗೆ ಬಯಲಕಡೆಗೆ ಹೋಗಿ ಬಂದವಳು ನನ್ನ ಕೈ ಹಿಡಿದುಕೊಂಡಳು. "ಅಕ್ಕಾ, ಎಲ್ಲಾ ಕರ್ರಗ ಹೋಗಾಕತ್ತೈತಿ. ಕೂಸು ಒಳಗ ಸುಡಾಕತ್ತೈತಿ ಅನಸ್ತೈತಿ." ಓಣಿಯ ಹೆಂಗಸರು ಬೇರೆ, ಆ ಗುಳಿಗೆ ತಿಂದರೆ ಕೂಸು ಕಾಗೆಯಂತೆ ಹುಟ್ಟುತ್ತದೆ ಎಂದು ಹೆದರಿಸಿದ್ದರು. "ಬಾಯಾರಿಗಿ ಹೇಳಬ್ಯಾಡಕ್ಕಾ. ಬೈತಾರ. ನಿನ್ನ ಕಾಲ ಬೀಳತೇನಿ."

ನಾನು ಎಸ್ಸೆಸ್ಸೆಲ್ಸಿ ಪಾಸಾದವಳು. ಗುಳಿಗೆಯಿಂದ ಕೂಸು ಕಪ್ಪಾಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಅವಳು ಅಳುವುದನ್ನು ನೋಡಲಾಗದೆ, ಬಾಯಾರ ಮುಂದೆ ನಾನು ಶಾಣ್ಯಾಳಾಗಿಯೇ ಉಳಿಯಬೇಕೆಂಬ ಆಸೆಗೆ, ಒಂದು ದಾರಿ ಕಂಡುಕೊಂಡೆ. ದಿನಕ್ಕೊಂದು ಗುಳಿಗೆ ಹಾಳೆಯಿಂದ ತೆಗೆಯುವುದು, ಕುಣಿಮಗ್ಗದ ಹಲಗೆ ಸರಿಸಿ ಒಳಗೆ ಬಿಡುವುದು. ತಿಂಗಳಾದ ಮೇಲೆ ಖಾಲಿ ಹಾಳೆ ಬಾಯಾರ ಕೈಗೆ. "ಭೇಷ್" ಎನ್ನುತ್ತಿದ್ದರು. ಕಸ್ತೂರಿ ನನ್ನ ಬೆನ್ನ ಹಿಂದೆ ನಿಂತು ನಗು ತಡೆದುಕೊಳ್ಳುತ್ತಿದ್ದಳು. ಸಾಲೆಯ ಹುಡುಗಿಯರ ಹಾಗೆ ನಮಗೆ ಅದೊಂದು ಆಟವಾಗಿತ್ತು. ದೇವರೇ, ಆಟವಾಗಿತ್ತು.

ಎರಡನೆಯ ಸಲ ರಕ್ತ ನೋಡಿದಾಗಲೂ ಏಳೇ. ಬಾಯಾರು ಚೀಟಿ ಹಿಡಿದುಕೊಂಡು ನಮ್ಮ ಅಂಗಳದಲ್ಲಿ ನಿಂತು ಬಹಳ ಹೊತ್ತು ಯೋಚಿಸಿದರು. "ಎರಡ ಹಾಳಿ ಖಾಲಿ ಆಗ್ಯಾವು. ಯಾಕ ಏರವಲ್ದು?" ಹೊಟ್ಟೆಯಲ್ಲಿ ಜಂತು ಇರಬಹುದೆಂದು ಅದರ ಔಷಧಿ ಕೊಟ್ಟರು. ದಿನಾ ಎರಡು ಗಂಟೆಗೆ ನಮ್ಮ ಮನೆಗೇ ಮೊದಲು ಬರಲು ಶುರು ಮಾಡಿದರು. ಕಸ್ತೂರಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಮೂರು ರೊಟ್ಟಿ ತನಕ ಎಣಿಸುತ್ತಿದ್ದರು. "ಇನ್ನೊಂದ ತಿಂಗಳ ನೋಡೂಣು. ಗುಳಿಗಿ ಮೈಗಿ ಹತ್ತಾಕ ಟೈಮ್ ಬೇಕು" ಎಂದರು. ಮೂರನೆಯ ಹಾಳೆ ಕೊಟ್ಟರು. ಅದೂ ಕುಣಿಗೇ ಹೋಯಿತು.

ಚೊಚ್ಚಲಿಗೆ ತವರಿಗೆ ಕಳಿಸುವುದು ನಮ್ಮಲ್ಲಿ ರೂಢಿ. ತವರಿನ ತಗಡಿನ ಶೆಡ್ಡಿನಲ್ಲಿ ಬಾಣಂತನ ಮಾಡುವಂತಿರಲಿಲ್ಲ. ಸೀಮಂತದ ಕುಬಸವನ್ನೂ ನಮ್ಮ ಮನೆಯಲ್ಲೇ ಮಾಡಿದೆವು. ಅವಳ ಅವ್ವ ಬಂದು ಹಸಿರು ಸೀರೆ ಉಡಿಸಿ, ಕಣ್ಣೊರೆಸಿಕೊಂಡು, ಸಂಜೆಯ ಬಸ್ಸಿಗೆ ಹೋದಳು. "ಗ್ವಾಡಿ ಮಣ್ಣಿಗಿ ನಮ್ಮೂರ ಹೊಲದ ವಾಸನಿ ಐತಿ ಅಕ್ಕಾ" ಎಂದು ಕಸ್ತೂರಿ ಆ ದಿನ ನನಗೆ ಹೇಳಿದಳು. ಗೋಡೆಯ ತಗ್ಗು ಅಷ್ಟು ಹೊತ್ತಿಗೆ ಮುಷ್ಟಿಯಷ್ಟಾಗಿತ್ತು.

ಬೇನೆ ಎದ್ದದ್ದು ಬೆಳಿಗ್ಗೆ, ಇನ್ನೂ ಇಪ್ಪತ್ತು ದಿನ ಇರುವಾಗಲೇ. ಬಾಯಾರಿಗೆ ಹೇಳಿಕಳಿಸಿದೆವು. ಬಂದು ನೋಡಿದವರೇ ಜಮಖಂಡಿಗೆ ಒಯ್ಯಬೇಕು, ರಕ್ತ ಕೊಡಿಸಬೇಕು ಎಂದು ಹಟ ಹಿಡಿದರು. ಅತ್ತೆ ಬೇಡವೆಂದರು, ಮೈದುನ ಗಾಡಿ ತರಲು ಹೋಗಿ ತಡಮಾಡಿದ. ಗಾಡಿ ಬರುವುದರೊಳಗೆ, ಹನ್ನೆರಡರ ಸುಮಾರಿಗೆ, ಹೆಣ್ಣುಕೂಸು ಹುಟ್ಟಿತು. ಸಣ್ಣದು, ಬೆಕ್ಕಿನ ಮರಿಯಷ್ಟು. ಕಪ್ಪಗಿರಲಿಲ್ಲ. ಆಮೇಲೆ ರಕ್ತ ನಿಲ್ಲಲಿಲ್ಲ.

ಗಾಡಿಯಲ್ಲಿ ಕಸ್ತೂರಿಯ ತಲೆ ನನ್ನ ತೊಡೆಯ ಮೇಲಿತ್ತು, ಬಾಯಾರು ಅವಳ ಹೊಟ್ಟೆ ಒತ್ತಿ ಹಿಡಿದುಕೊಂಡೇ ಕೂತಿದ್ದರು. ಕಬ್ಬು ಸಾಗಿಸುವ ದಿನಗಳು. ರಸ್ತೆ ತುಂಬ ಎರಡೆರಡು ಟ್ರೇಲರಿನ ಟ್ರ್ಯಾಕ್ಟರುಗಳು, ಒಂದು ದಾಟಿದರೆ ಮುಂದೆ ಇನ್ನೊಂದು. ಡ್ರೈವರ್ ಹಾರ್ನ್ ಒತ್ತಿ ಒತ್ತಿ ಸಾಕಾಗಿ ಸುಮ್ಮನಾದ. "ಅಕ್ಕಾ, ನೀರಡಸೇತಿ" ಎಂದಳು ಕಸ್ತೂರಿ. ಬಾಯಾರು ತಮ್ಮ ಬಾಟಲಿಯಿಂದ ತುಟಿ ಒದ್ದೆ ಮಾಡಿದರು. ಜಮಖಂಡಿ ಇನ್ನೂ ಅರ್ಧ ದಾರಿ ಇತ್ತು. ಬಾಯಾರು ಹೆಬ್ಬೆರಳಿನಿಂದ ಅವಳ ರೆಪ್ಪೆ ಎಳೆದು ನೋಡಿದರು. ಒಳಗೆ ಸುಣ್ಣ ಬಳಿದಂತೆ ಇತ್ತು. ಆ ರೆಪ್ಪೆ ಬಿಟ್ಟು, ಮೇಲಿನ ರೆಪ್ಪೆ ಇಳಿಸಿ, ಅವಳ ಎರಡೂ ಕಣ್ಣು ಅವರೇ ಮುಚ್ಚಿದರು. ಆಗ ಎಷ್ಟು ಹೊತ್ತಾಗಿತ್ತೆಂದು ನನಗೆ ಗೊತ್ತು, ಅವರ ಕೈಗಡಿಯಾರ ನನ್ನ ಮುಖದ ಹತ್ತಿರವೇ ಇತ್ತು. ಎರಡು ಗಂಟೆ ದಾಟಿ ಹತ್ತು ನಿಮಿಷ.

ಊರ ಹಿರಿಯರು ಬಾಯಾರ ಮೇಲೆ ದೂರಿನ ಅರ್ಜಿ ಬರೆದರು. ಹದಿನೈದು ದಿನಕ್ಕೆ ತನಿಖೆಗೆಂದು ತಾಲೂಕಿನಿಂದ ಇಬ್ಬರು ಸಾಹೇಬರು ಬಂದರು. ಸಾಲೆಯಿಂದ ಖುರ್ಚಿ ತಂದು ನಮ್ಮ ಅಂಗಳದಲ್ಲಿ ಹಾಕಿದೆವು. ಬಾಯಾರು ಚೀಲ ಎದೆಗೆ ಹಿಡಿದುಕೊಂಡು ನಿಂತಿದ್ದರು. ಅವರಿಗೆ ಖುರ್ಚಿ ಹಾಕಿರಲಿಲ್ಲ.

ಅತ್ತೆ ಎದೆ ಬಡಿದುಕೊಂಡು ಅತ್ತರು. ಆ ಅಳು ಖರೆಯದು. ಅದರ ನಡುವೆ ಹೇಳಿದ್ದು ಮಾತ್ರ ಸುಳ್ಳು. "ಔಷಧ ಯಾರ ಕೊಟ್ರರೀ? ಈಕಿ ದಿನಾ ಎರಡ ಗಂಟೆಕ್ಕ ಬರೂದು, ನಮ್ಮ ರೊಟ್ಟಿ ತಿನ್ನೂದು, ಹೋಗೂದು. ಸರಕಾರ ಪಗಾರ ಕೊಡೂದ ಉಣ್ಣಾಕ ಅಂತ ಈಕಿನ ಬಾಯಿಲೆ ಹೇಳ್ಯಾಳ. ಬೇಕಾದ್ರ ಓಣ್ಯಾಗ ಕೇಳ್ರಿ, ಮನಿ ಮನಿ ಉಣ್ಣಾಕ ಹೊಕ್ಕಾಳ."

ಓಣಿಯವರು ಹೌದೆಂದರು. ಹೌದಾಗಿತ್ತಲ್ಲ. ಹಿರಿಯ ಸಾಹೇಬರ ತುಟಿಯಲ್ಲಿ ಸಣ್ಣ ನಗು ಬಂತು.

ಬಾಯಾರು ಚೀಲದಿಂದ ರಬ್ಬರ್ ಬ್ಯಾಂಡ್ ಹಾಕಿದ ಮೂರು ಖಾಲಿ ಹಾಳೆ ತೆಗೆದರು. "ಗುಳಿಗಿ ಕೊಟ್ಟೇನ್ರಿ. ತಿಂದ ಹಾಳಿ ಇಲ್ಲಿ ಅದಾವು."

"ಖಾಲಿ ಹಾಳಿ ಯಾರರ ತರ್ತಾರ್ರಿ. ಸಾಕ್ಷಿ ಯಾರದಾರ?" ಎಂದರು ಹಿರಿಯ ಸಾಹೇಬರು.

ಬಾಯಾರು ನನ್ನ ಕಡೆ ನೋಡಿದರು. ಬೇಡಿಕೊಳ್ಳುವ ನೋಟವಲ್ಲ, ಸಾಕ್ಷಿ ಇಲ್ಲೇ ಇದೆಯಲ್ಲ ಎಂಬ ನಿಶ್ಚಿಂತೆಯ ನೋಟ. ಅದು ಇಂದಿಗೂ ನನ್ನನ್ನು ಬಿಟ್ಟಿಲ್ಲ. ಸಾಹೇಬರು, "ಏನವಾ, ನೀ ಏನ ಹೇಳ್ತಿ? ಆಕಿಗಿ ಗುಳಿಗಿ ಕೊಡತಿದ್ರೋ ಇಲ್ಲೋ?" ಎಂದರು.

ಕೊಡುತ್ತಿದ್ದರು ಎಂದರೆ, ಹಾಗಾದರೆ ಅವಳು ತಿಂದಳೋ ಎಂದು ಕೇಳುತ್ತಾರೆ. ಕುಣಿಯ ಹಲಗೆ ತೆಗೆಸುತ್ತಾರೆ. ನನಗೆ ಎರಡು ಹೆಣ್ಣುಮಕ್ಕಳು. ಗಂಡ, ಅತ್ತೆ, ಮೈದುನ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಕಸ್ತೂರಿಯನ್ನು ಕೊಂದವಳು ಎನಿಸಿಕೊಂಡು ಆ ಮನೆಯಲ್ಲಿ ಒಂದು ದಿನವೂ ಇರಲಾಗುತ್ತಿರಲಿಲ್ಲ.

"ನನಗ ಗೊತ್ತಿಲ್ರಿ" ಎಂದೆ.

ಬಾಯಾರು ಹಾಳೆಗಳನ್ನು ಮತ್ತೆ ರಬ್ಬರ್ ಬ್ಯಾಂಡಿಗೆ ಸೇರಿಸಿ ಚೀಲಕ್ಕಿಟ್ಟುಕೊಂಡರು. ನನ್ನ ಮೇಲೆ ಒಂದು ಮಾತು ಆಡಲಿಲ್ಲ. ತಿಂಗಳೊಳಗೆ ಅವರನ್ನು ಬೀಳಗಿ ಕಡೆಗೆ ವರ್ಗ ಮಾಡಿದರು. ಹೋಗುವ ದಿನ ಛತ್ರಿ ಬಿಚ್ಚಿಕೊಂಡು ನಮ್ಮ ಮನೆಯ ಮುಂದೆಯೇ ಬಸ್ಸಿಗೆ ನಡೆದರು. ನಾನು ಬಾಗಿಲ ಹಿಂದೆ ಕಸ್ತೂರಿಯ ಕೂಸನ್ನು ಎತ್ತಿಕೊಂಡು ನಿಂತಿದ್ದೆ. ಮೂರು ತಿಂಗಳ ಮೇಲೆ ನನಗೆ ಅಂಗನವಾಡಿ ಕಾರ್ಯಕರ್ತೆಯ ಆದೇಶ ಬಂತು. ನನಗೆ ತಿಳಿಯದಂತೆ ಅರ್ಜಿ ಹಾಕಿಸಿದ್ದವರು ಬಾಯಾರು. ಕಚೇರಿಯಲ್ಲಿ ಆ ಕಾಗದ ತೋರಿಸಿದರು, ಅವರದೇ ದುಂಡು ಅಕ್ಷರ. ಬರೆದದ್ದು ಕಸ್ತೂರಿ ಇದ್ದಾಗ. ಆ ನೌಕರಿಯ ಅನ್ನವನ್ನೇ ಈವತ್ತಿಗೂ ಉಣ್ಣುತ್ತಿದ್ದೇನೆ.

ಮೈದುನನಿಗೆ ಮತ್ತೆ ಮದುವೆ ಮಾಡುವಾಗ ಮಗ್ಗದ ಕುಣಿ ಮುಚ್ಚಿಸಿದರು. ಮಣ್ಣು ಹಾಕುವ ಮೊದಲು ನಾನು ಇಳಿದು ನೋಡಿದೆ. ತೇವಕ್ಕೆ ಗುಳಿಗೆಗಳೆಲ್ಲ ಕರಗಿ ತುಕ್ಕಿನ ಬಣ್ಣದ ಒಂದು ಹೆಂಟೆಯಾಗಿತ್ತು. ಕೈಯಿಂದ ಕೆರೆದು ತೆಗೆದು ಹಿತ್ತಲಲ್ಲಿ ಹೂತೆ.

ಕಸ್ತೂರಿಯ ಮಗಳನ್ನು ನಾನೇ ಸಾಕಿದೆ. ಅವಳನ್ನು ಸಾಲೆಗೆ ಹಚ್ಚಿದ ವರ್ಷ ನನಗೆ ಬೀಳಗಿಯಲ್ಲಿ ತರಬೇತಿ ಬಂತು. ಎರಡನೆಯ ದಿನ ಮಧ್ಯಾಹ್ನ, ನಾಲ್ಕು ರೊಟ್ಟಿ, ಶೇಂಗಾಹಿಂಡಿ ಕಟ್ಟಿಕೊಂಡು, ಬಾಯಾರು ಇದ್ದ ಪುನರ್ವಸತಿ ಊರಿಗೆ ಟೆಂಪೊ ಹತ್ತಿದೆ. ಅಗಲ ರಸ್ತೆಗಳು, ಒಂದೇ ಅಳತೆಯ ಮನೆಗಳು, ನೆರಳಿಲ್ಲ. ನಳದ ಹತ್ತಿರ ನಿಂತಿದ್ದ ಹೆಂಗಸನ್ನು ಕೇಳಿದೆ.

"ಆ ಬಾಯಾರೇನ್ರಿ? ಅಕಾ ಅಲ್ಲಿ ಬೇವಿನ ಗಿಡದ ಬುಡಕ. ಗುಳಿಗಿ ಕೊಟ್ಟು ಹೋಗತಾರ, ಅಷ್ಟ. ಯಾರ ಮನ್ಯಾಗೂ ನೀರ ಸೈತ ಮುಟ್ಟಂಗಿಲ್ರಿ. ಏನ ಮಡಿಯೋ ಏನೋ."

ನನ್ನ ಕೈಯಲ್ಲಿದ್ದ ಗಂಟು ಭಾರವಾಯಿತು. ನಮ್ಮ ಅಂಗಳದಲ್ಲಿ ಆದದ್ದು ಒಬ್ಬರ ವರ್ಗಾವಣೆ ಎಂದೇ ಅಷ್ಟು ವರ್ಷ ತಿಳಿದಿದ್ದೆ. ಈ ಊರಿನ ಸೊಸೆಯರೆಲ್ಲ ಸಾಲಿನ ಕೊನೆಗೇ ಉಳಿದಿದ್ದಾರೆ, ಅವರ ಮಗ್ಗುಲಲ್ಲಿ ಕೂತು ಎಣಿಸುವವರಿಲ್ಲ ಎಂದು ಅಲ್ಲಿ ನಿಂತಾಗ ತಿಳಿಯಿತು.

ಬಾಯಾರು ಸೊರಗಿದ್ದರು. ಕೂದಲು ಪೂರಾ ಬೆಳ್ಳಗಾಗಿತ್ತು. ಪಕ್ಕದಲ್ಲಿ ಡಬ್ಬಿ, ಇನ್ನೂ ಬಿಚ್ಚಿರಲಿಲ್ಲ. ನನ್ನ ಗುರುತು ಹಿಡಿದು ಮೊದಲು ಕೇಳಿದ್ದು, "ಕೂಸು ಹೆಂಗೈತಿ?"

"ಛಲೋ ಐತ್ರಿ. ಸಾಲಿಗಿ ಹಚ್ಚೀನಿ."

"ತೂಕ?"

ಹೇಳಿದೆ. ತಲೆಯಾಡಿಸಿದರು. ಆಮೇಲೆ ತಾವೇ ಶುರು ಮಾಡಿದರು. "ಅಷ್ಟ ಮಂದೀನ ನೋಡೇನಿ ತಂಗಿ. ಆಕಿ ಒಬ್ಬಾಕಿ ನನಗ ತಿಳೀಲಿಲ್ಲ. ಮೂರ ಹಾಳಿ ತಿಂದಳು. ನನ್ನ ಬಾಜೂಕ ಕುಂತು ರೊಟ್ಟಿ ತಿಂದಳು. ರಕ್ತ ಯಾಕ ಏರಲಿಲ್ಲ? ಗುಳಿಗೀನ ಖೊಟ್ಟಿ ಬಂದಾವು ಅಂತ ಮ್ಯಾಲಿನವರಿಗಿ ಎರಡ ಸಲ ಬರದೆ. ನಕ್ರು. ಆಮ್ಯಾಲ ನಂದ ಕೈ ಖೊಟ್ಟಿ ಅನ್ನಕೊಂಡೆ. ಈಗ ಯಾರಿಗರ ಗುಳಿಗಿ ಕೊಡೂ ಮುಂದ ಕೈ ಹಿಂದಕ ಬರತೈತಿ ನೋಡ."

ತನಿಖೆಯ ಮಾತು ಎತ್ತಲೇ ಇಲ್ಲ. ನನ್ನ ಸುಳ್ಳನ್ನು ನೆನಪಿಸಲೂ ಇಲ್ಲ. ಅವರನ್ನು ಅಷ್ಟು ವರ್ಷ ತಿಂದದ್ದು ಅದಲ್ಲವೇ ಅಲ್ಲ. ನಾನು ಇನ್ನು ತಡೆಯಲಾರದೆ ಹೇಳಿಬಿಟ್ಟೆ.

"ಬಾಯಾರ, ಆಕಿ ತ…ತಿಂದಿಲ್ರಿ. ಮೊದಲ್ನೇ ನಾಕ ದಿನ ಅಷ್ಟ. ಉಳದದ್ದೆಲ್ಲಾ ಮಗ್ಗದ ಕುಣ್ಯಾಗ ಒಗದೀವಿ. ಖಾಲಿ ಹಾಳಿ ನಾನ ತಂದ ಕೊಟ್ಟೇನಿ."

ಬಾಯಾರು ನನ್ನನ್ನು ನೋಡಲಿಲ್ಲ. ಎದುರಿನ ಖಾಲಿ ರಸ್ತೆ ನೋಡುತ್ತ, ತುಟಿಯೊಳಗೇ ಮರಾಠಿಯಲ್ಲಿ ಏನೋ ಎಣಿಸಿದರು. ಎಣಿಕೆ ಮುಗಿದ ಮೇಲೆ ಹೇಳಿದರು: "ಕಬ್ಬಿಣದ ಇಂಜೆಕ್ಷನ್ ಇತ್ತು. ಗುಳಿಗಿ ಒಗ್ಗದವರಿಗಿ ಸೂಜಿ ಮಾಡಸತಿದ್ದೆ. ಜಮಖಂಡಿಗಿ ಒಯ್ದು ರಕ್ತ ಹಾಕಸತಿದ್ದೆ. ಗುಳಿಗಿ ತಿನ್ನಾಕತ್ತಾಳಲ್ಲ ಅಂತ ಒಂದ ತಿಂಗಳ ತಡದೆ. ಒಂದ ಮಾತ ಸಾಕಿತ್ತು."

ನಾನು ಕಾಲು ಹಿಡಿಯಲು ಬಗ್ಗಿದೆ. ಕಾಲು ಹಿಂದಕ್ಕೆ ಎಳೆದುಕೊಂಡರು. ಏನು ಮಾಡಲೂ ತೋಚದೆ ಗಂಟು ಬಿಚ್ಚಿದೆ. "ಹೊತ್ತಾಗೇತ್ರಿ. ಬರ್ರಿ, ಕೂಡಿ ಉಣ್ಣೂಣು. ಒಬ್ಬಾಕಿಗೇ ನನಗ ಗಂಟಲದಾಗ ಇಳಿಯಂಗಿಲ್ಲ."

"ನನಗ ಹಸಿವಿಲ್ಲ" ಎಂದರು.

ಮನೆಮನೆಗೆ ಹೋಗಿ ಹಸಿವೆಂದು ಹೇಳಿದ ಹೆಂಗಸು ಅವರು. ಅವರ ಬಾಯಿಂದ ಆ ಮಾತು ಕೇಳುವುದಕ್ಕಿಂತ ಅವರು ನನ್ನ ಕೆನ್ನೆಗೆ ಹೊಡೆದಿದ್ದರೆ ಚೆನ್ನಾಗಿತ್ತು. ರೊಟ್ಟಿಯನ್ನು ಮತ್ತೆ ಕಟ್ಟಿದೆ. ಹೊರಡಲು ಎದ್ದಾಗ ಅವರ ಕೈ ನನ್ನ ಮುಖಕ್ಕೆ ಬಂತು. ಅದೇ ಡೆಟಾಲಿನ ಹೆಬ್ಬೆರಳು, ಕೆಳರೆಪ್ಪೆಯನ್ನು ಎಳೆಯಿತು.

"ನಿಂದೂ ಕಡಿಮಿ ಐತಿ" ಎಂದರು. ಚೀಲದಿಂದ ಒಂದು ಹಾಳೆ ತೆಗೆದರು. ಒಂದು ಗುಳಿಗೆ ಒಡೆದು ನನ್ನ ಅಂಗೈಯಲ್ಲಿಟ್ಟರು. ಬಾಟಲಿಯ ಮುಚ್ಚಳ ತಾವೇ ತಿರುಗಿಸಿ ಕೊಟ್ಟರು. "ಇಲ್ಲೇ ನುಂಗು. ನನ್ನ ಮುಂದ."

ನುಂಗಿದೆ. ಬಾಟಲಿ ಹಿಂದಕ್ಕೆ ಕೊಟ್ಟೆ. ಅವರು ತೆಗೆದುಕೊಳ್ಳಲಿಲ್ಲ.

"ಬಾಯಿ ತಗಿ."

ತೆರೆದೆ.

"ನಾಲಗಿ ಎತ್ತು."

ಎತ್ತಿದೆ. ಬಾಯಾರು ಬಗ್ಗಿ, ನನ್ನ ಗದ್ದ ಬೆಳಕಿಗೆ ತಿರುಗಿಸಿ, ಬಹಳ ಹೊತ್ತು ಒಳಗೆ ನೋಡಿದರು.